ಪೇಜ್‌ಮೇಕರ್ ಓಡಿತು, ಕನ್ನಡ ಓಡಲಿಲ್ಲ

ನಮ್ಮದು ಲಗ್ನಪತ್ರಿಕೆ, ಬಿಲ್ ಬುಕ್ಕು, ಸಹಕಾರ ಸಂಘಗಳ ವಾರ್ಷಿಕ ವರದಿ ಮಾಡಿಕೊಡುವ ಸಣ್ಣ ಪ್ರೆಸ್ಸು. ವಿಂಡೋಸ್ ಎಕ್ಸ್‌ಪಿ ಇದ್ದ ಹಳೇ ಕಂಪ್ಯೂಟರು ಮದುವೆ ಸೀಸನ್ ನಡುವೆಯೇ ಕೈಕೊಟ್ಟಿತು. ಹಾರ್ಡ್ ಡಿಸ್ಕ್ ಉಳಿದದ್ದು ಪುಣ್ಯ. ಹೊಸದರಲ್ಲಿ ವಿಂಡೋಸ್ 11 ಇತ್ತು. ಪುಟ ಜೋಡಿಸಲು ನಾನು ಬಳಸುವುದು ಪೇಜ್‌ಮೇಕರ್ ಎಂಬ ಹಳೇ ಸಾಫ್ಟ್‌ವೇರು. ಅಂಗಡಿಯವರು ‘ಇನ್ನೂ ಪೇಜ್‌ಮೇಕರಾ?’ ಎಂದು ನಕ್ಕರು.

ನಗಲಿ ಬಿಡಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ನಂತರ ಹೊಸ ಆವೃತ್ತಿ ಬರಲೇ ಇಲ್ಲ ಅನ್ನೋದು ನನಗೂ ಗೊತ್ತು. ಆದರೆ ನನ್ನ ಹತ್ತಿರ ಹದಿನೈದು ವರ್ಷದ ಫೈಲುಗಳಿವೆ. ಅಣ್ಣನ ಪತ್ರಿಕೆ ಮಾಡಿಸಿದವರು ತಮ್ಮನ ಮದುವೆಗೂ ‘ಅದೇ ಥರ ಇರಲಿ’ ಎಂದು ಬರುತ್ತಾರೆ. ಪೇಜ್‌ಮೇಕರಿನ ಜಾಗಕ್ಕೆ ಬಂದ ಇನ್‌ಡಿಸೈನ್ ಸಿಎಸ್6 ತನಕ ಈ ಫೈಲುಗಳನ್ನು ತೆರೆಯುತ್ತಿತ್ತು, ಈಗಿನದು ತೆರೆಯುವುದಿಲ್ಲ.

ಹೊಸ ಕಂಪ್ಯೂಟರಿಗೆ ಸಿಡಿ ಡ್ರೈವೇ ಇಲ್ಲ. ಯುಎಸ್‌ಬಿ ಡ್ರೈವ್ ಒಂದನ್ನು ಬೇಡಿ ತಂದು ಇನ್‌ಸ್ಟಾಲ್ ಮಾಡಿದೆ. ತೆರೆಯಿತು, ಆದರೆ ಫೈಲು ಮುಟ್ಟಿದರೆ ಎರರ್. ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿದೆ. ಕೆಳಗಿನ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ಗೂ ಟಿಕ್ ಹಾಕಿದೆ. ಎರರ್ ಹೋಯಿತು. ಅರ್ಧ ಗಂಟೆಯ ಕೆಲಸ. ಮುಗೀತು ಅಂದುಕೊಂಡು ಚಹಾ ಕುಡಿದು ಬಂದೆ.

ಬಂದು ಟೈಪ್ ಮಾಡಲು ಕೂತರೆ ಕನ್ನಡ ಮೂಡುತ್ತಿಲ್ಲ! ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ನುಡಿ ಆನ್ ಇದೆ. ನೋಟ್‌ಪ್ಯಾಡಿನಲ್ಲಿ ಅದರ ಕೀಬೋರ್ಡ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಪೇಜ್‌ಮೇಕರಿಗೆ ಬಂದ ಕೂಡಲೇ ಬರೀ ಇಂಗ್ಲಿಷ್ ಕೀಗಳು. ನುಡಿಯನ್ನು ತೆಗೆದು ಹಾಕಿದೆ, ಮತ್ತೆ ಹಾಕಿದೆ. ಇಡೀ ಸಂಜೆ ಹೋಯಿತು.

ಕಾರಣ ನಾನೇ ಹಾಕಿದ ಆ ಟಿಕ್. ನುಡಿ ಕೀಬೋರ್ಡಿಗೂ ಪೇಜ್‌ಮೇಕರಿಗೂ ನಡುವೆ ಕೂತು, ನಾವು ಒತ್ತಿದ ಕೀಯನ್ನು ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತದೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ನಂತರ ಬಂದ ವಿಸ್ಟಾ ಕಾಲದಿಂದ ಪಂಕ್ತಿಭೇದ ಶುರುವಾಗಿದೆ. ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಪ್ರೋಗ್ರಾಂ ಒಳಗಿನ ಪಂಕ್ತಿ, ಸಾಧಾರಣ ಪ್ರೋಗ್ರಾಂ ಹೊರಗಿನ ಪಂಕ್ತಿ. ಹೊರಗಿನವನು ಒಳಗಿನವನ ಎಲೆಗೆ ಬಡಿಸುವಂತಿಲ್ಲ. ವೈರಸ್ಸುಗಳಿಗೆ ಕಟ್ಟಿದ ಬೇಲಿಗೆ ನುಡಿಯೂ ಸಿಕ್ಕಿಕೊಂಡಿತ್ತು. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ, ಅಕ್ಷರ ಮೂಡಿತು. ಇಷ್ಟೇ! ಬೈದುಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಹಳೇ ಫೈಲುಗಳು. ತೆರೆದರೆ ಪುಟದ ತುಂಬಾ ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ನಮ್ಮ ಹಳೇ ಮ್ಯಾಟರೆಲ್ಲ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಅಲ್ಲ, ಫಾಂಟಿನಲ್ಲಿ ಮಾತ್ರ ಅದು ಕನ್ನಡ. ಫಾಂಟ್ ಇಲ್ಲದಿದ್ದರೆ ಕನ್ನಡವೇ ಇಲ್ಲ. ಹಳೇ ಡಿಸ್ಕಿನಿಂದ ಫಾಂಟುಗಳನ್ನು ತಂದು ಇನ್‌ಸ್ಟಾಲ್ ಒತ್ತಿದೆ. ವರ್ಡ್‌ನಲ್ಲಿ ಕಂಡವು, ಪೇಜ್‌ಮೇಕರಿನಲ್ಲಿ ಇಲ್ಲ. ಈಗ ವಿಂಡೋಸ್ ಸುಮ್ನೆ ಇನ್‌ಸ್ಟಾಲ್ ಅಂದರೆ ಫಾಂಟನ್ನು ಆ ಒಬ್ಬ ಬಳಕೆದಾರನ ಫೋಲ್ಡರಿನಲ್ಲಿ ಇಡುತ್ತದೆ. ಹಳೇ ಪ್ರೋಗ್ರಾಂ ಅಲ್ಲಿ ಹುಡುಕುವುದಿಲ್ಲ. ಅವನ್ನು ತೆಗೆದು, ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಟ್ಟ ಮೇಲೆ ಪಟ್ಟಿಯಲ್ಲಿ ಬಂದವು.

ಪಿಡಿಎಫ್ ಮಾಡುವಾಗ ಗಣಪತಿ ಕೈಕೊಟ್ಟ. ವಿಂಡೋಸ್‌ನದೇ ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟೆ. ಅಕ್ಷರ ಚೂಪಾಗಿದ್ದವು, ಮೇಲಿನ ಗಣಪತಿ ಮಾತ್ರ ಇಟ್ಟಿಗೆ ಜೋಡಿಸಿದ ಹಾಗೆ. ಅದು ಇಪಿಎಸ್ ಚಿತ್ರ, ಅಂದರೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರಿಂಟರ್ ಭಾಷೆಯಲ್ಲಿ ಬರೆದದ್ದು. ಪೋಸ್ಟ್‌ಸ್ಕ್ರಿಪ್ಟ್ ಗೊತ್ತಿಲ್ಲದ ಪ್ರಿಂಟರಿಗೆ ಪೇಜ್‌ಮೇಕರ್ ಅಸಲಿ ಚಿತ್ರ ಕಳಿಸುವುದಿಲ್ಲ, ಪರದೆ ಮೇಲೆ ತೋರಿಸುವ ಒರಟು ನಕಲನ್ನು ಕಳಿಸುತ್ತದೆ. ಹಾಗಾಗಿ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್ ಡ್ರೈವರ್ ಹಾಕಿದೆ. ಪ್ರಿಂಟರ್ ಇರಬೇಕಂತಿಲ್ಲ, ಡ್ರೈವರ್ ಇದ್ದರೆ ಸಾಕು. ಪ್ರಿಂಟನ್ನು ಫೈಲಿಗೆ ಬರೆಸಿ, ಅದನ್ನು ಘೋಸ್ಟ್‌ಸ್ಕ್ರಿಪ್ಟ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ ಪಿಡಿಎಫ್ ಮಾಡಿದೆ. ಒಂದು ಹೆಜ್ಜೆ ಜಾಸ್ತಿ, ಆದರೆ ಗಣಪತಿಯ ಸೊಂಡಿಲು ಸೊಂಡಿಲಿನ ಹಾಗೇ ಬಂತು.

ಬಾರ್ಡರ್ ಡಿಸೈನಿನ ಒಂದು ಪುಟ್ಟ ಪ್ರೋಗ್ರಾಂ ಮಾತ್ರ ಯಾವ ಟಿಕ್ಕಿಗೂ ಬಗ್ಗಲಿಲ್ಲ. ಅದು ವಿಂಡೋಸ್ 3.1 ಕಾಲದ 16 ಬಿಟ್ಟಿನದು. 64 ಬಿಟ್ ವಿಂಡೋಸ್ ಅಂಥದ್ದನ್ನು ಓಡಿಸುವುದೇ ಇಲ್ಲ, ಮತ್ತು ವಿಂಡೋಸ್ 11ರಲ್ಲಿ 32 ಬಿಟ್ಟಿನದು ಬಂದೇ ಇಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ನನ್ನ ಹಳೇ ಎಕ್ಸ್‌ಪಿ ಸಿಡಿಯಿಂದ ಒಂದು ಎಕ್ಸ್‌ಪಿ ಕೂರಿಸಿದೆ. ಎಕ್ಸ್‌ಪಿಗೆ 2014ರಿಂದ ಅಪ್‌ಡೇಟ್ ಇಲ್ಲವಲ್ಲ, ಅದಕ್ಕೇ ಅದರ ನೆಟ್ ಕನೆಕ್ಷನ್ ತೆಗೆದಿಟ್ಟಿದ್ದೇನೆ. ಬಾರ್ಡರುಗಳು ಶೇರ್ಡ್ ಫೋಲ್ಡರ್ ಮೂಲಕ ಈಚೆ ಬರುತ್ತವೆ.

ನಾಲ್ಕನೇ ದಿನ ಆ ತಮ್ಮನ ಪತ್ರಿಕೆಯ ಪ್ರೂಫ್ ಕಳಿಸಿದೆ. ಅಕ್ಷರ, ಬಾರ್ಡರ್, ಗಣಪತಿ ಎಲ್ಲ ಹಿಂದಿನ ಹಾಗೇ ಇವೆ ಎಂದು ಪಾರ್ಟಿಗೆ ಖುಷಿ. ‘ಮುಹೂರ್ತದ ತಾರೀಕೂ ಅಣ್ಣನದ್ದೇ ಇದೆ, ಅದೊಂದು ಬದಲಿಸಿ’ ಅಂದರು.