ಹಳೆಯ ಕಾರಿಗೆ ಪೂರ್ತಿ ಬಣ್ಣ: ಮೊದಲು ತಗಡು ನೋಡಿ, ಆಮೇಲೆ ಬಣ್ಣದ ಮಾತು

ಬಾನೆಟ್ ಮೇಲೆ ಅಂಗೈಯಗಲ ಜಾಗದಲ್ಲಿ 80ರ ನಂಬರಿನ ಒರಟು ಸ್ಯಾಂಡ್‌ಪೇಪರ್ ತಿಕ್ಕುತ್ತಿದ್ದಂತೆ ಮೊದಲು ಬಿಳಿ ಧೂಳು ಬಂತು. ಆಮೇಲೆ ಕೆಂಪು, ಆಮೇಲೆ ಬೂದು, ಅದರಡಿ ಹಳದಿ ಪುಟ್ಟಿ. ಇನ್ನೂ ತಿಕ್ಕಿದಾಗ ಮತ್ತೊಂದು ಕೆಂಪು, ಮೊದಲಿನದಕ್ಕಿಂತ ಗಾಢವಾದದ್ದು. ಅದು ಕಾರ್ಖಾನೆಯ ಬಣ್ಣ. ಅದರ ಕೆಳಗಿನ ತೆಳು ಪ್ರೈಮರ್ ಸವೆದಾಗ ತಗಡು ಮಿಂಚಿತು. ಕೊಯ್ದ ದಿಮ್ಮಿಯ ಉಂಗುರಗಳ ಹಾಗೆ ಪದರಗಳೆಲ್ಲ ಒಂದರೊಳಗೊಂದು ಕಾಣುತ್ತಿದ್ದವು. ಭೋಸರಿಯ ಆ ಗ್ಯಾರೇಜಿನ ಪೇಂಟರ್ ಇಂಡಿ ತಾಲ್ಲೂಕಿನವರು, ಮೂವತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ಹಳದಿ ಉಂಗುರದ ಮೇಲೆ ಬೆರಳಿಟ್ಟು, "ತಮ್ಮಾ, ಇಲ್ಲಿ ತಗಡು ತಗ್ಗಾಗಿದೆ. ತಟ್ಟಿ ಎತ್ತುವುದನ್ನು ಬಿಟ್ಟು ಹಳೆಯ ಬಣ್ಣದ ಮೇಲೆಯೇ ಪುಟ್ಟಿ ಬಳಿದಿದ್ದಾರೆ" ಎಂದರು.

ನನ್ನದು 2002ರ ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ನೂರರಷ್ಟು ಅಶ್ವಶಕ್ತಿಯ ಎಂಜಿನ್, ದಪ್ಪ ಬಾಗಿಲುಗಳು, ಘಾಟಿಯ ತಿರುವಿನಲ್ಲಿ ನೆಲ ಕಚ್ಚಿ ಹಿಡಿಯುವ ಓಟ. ಇಂಥ ಗಾಡಿ ಇಟ್ಟುಕೊಂಡವರು ಪುಣೆಯ ಕನ್ನಡಿಗರಲ್ಲಿ ಕಡಿಮೆಯೇನಿಲ್ಲ. ಹಳೆಯ ಹೋಂಡಾ ಸಿಟಿ ವಿಟೆಕ್, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಲ್ಯಾನ್ಸರ್ ಸೀಡಿಯಾ ಇರುವವರು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಕೇಳುವುದು ಒಂದೇ ಪ್ರಶ್ನೆ: ಪೂರ್ತಿ ಬಣ್ಣ ಎಲ್ಲಿ ಹಾಕಿಸಿದಿರಿ? ಎಲ್ಲಿ ಎನ್ನುವುದಕ್ಕಿಂತ ಹೇಗೆ ಎನ್ನುವುದನ್ನು ವಿವರವಾಗಿ ಹೇಳಬೇಕೆಂದು ಈ ಲೇಖನ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರೈಮರ್ ಬೀಳುವ ಮುಂಚೆ ನಿಮ್ಮ ಕಾರಿನ ಬರಿ ತಗಡನ್ನು ನೀವೇ ನಿಂತು ನೋಡಬೇಕು. ಆ ಒಂದು ದಿನಕ್ಕೆ ಕಚೇರಿಗೆ ರಜೆ ಹಾಕಿ.

ಮುಹೂರ್ತ

ಆಯುಧ ಪೂಜೆ ಮುಗಿಸಿ ಗಾಡಿಯನ್ನು ಗ್ಯಾರೇಜಿಗೆ ಬಿಡಿ, ಸಂಕ್ರಾಂತಿಯ ಹೊತ್ತಿಗೆ ವಾಪಸ್ ತನ್ನಿ. ಇದು ಪುಣೆಯ ಹವೆಗೆ ಹೇಳಿ ಮಾಡಿಸಿದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಆ ತೇವ ಕಂಪ್ರೆಸರ್ ಮೂಲಕ ಸ್ಪ್ರೇ ಗನ್ನಿಗೆ ಬರುತ್ತದೆ, ಪುಟ್ಟಿಯೊಳಗೆ ಸೇರುತ್ತದೆ, ಬಣ್ಣದಡಿ ಸಿಕ್ಕಿಕೊಳ್ಳುತ್ತದೆ. ನನ್ನ ಗಾಡಿಗೆ ಹಿಂದಿನ ಸಲ ಬೇರೊಂದು ಕಡೆ ಬಣ್ಣ ಹಾಕಿಸಿದ್ದು ಶ್ರಾವಣದಲ್ಲಿ. ಗಣೇಶ ಚತುರ್ಥಿಗೆ ಕನ್ನಡಿಯಂತಿತ್ತು. ಮುಂದಿನ ಬೇಸಿಗೆಯಲ್ಲಿ ಬಿಸಿಲು ಬಿದ್ದ ಕಡೆಯೆಲ್ಲ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಏಪ್ರಿಲ್, ಮೇ ತಿಂಗಳ ಬಿಸಿಲೂ ಒಳ್ಳೆಯದಲ್ಲ. ಬಣ್ಣ ತಗಡಿಗೆ ತಾಗಿ ಹರಡಿಕೊಳ್ಳುವ ಮೊದಲೇ ಒಣಗಿ ಒರಟಾಗುತ್ತದೆ. ಮುಂಬೈ, ಗೋವಾದವರಿಗೆ ಸಮುದ್ರದ ಗಾಳಿಯ ಕಾಟ ವರ್ಷವಿಡೀ ಇರುವುದರಿಂದ ಅವರು ಬಾಗಿಲು ಮುಚ್ಚುವ ಪೇಂಟ್ ಬೂತ್ ಇಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಗ್ಯಾರೇಜು, ಕರಾರು

ಕರ್ನಾಟಕದಲ್ಲಿ ನಾವು ಟಿಂಕರಿಂಗ್ ಎನ್ನುವುದಕ್ಕೆ ಇಲ್ಲಿ ಡೆಂಟಿಂಗ್ ಎನ್ನುತ್ತಾರೆ. ಡೆಂಟರ್ ಬೇರೆ, ಪೇಂಟರ್ ಬೇರೆ. ಗ್ಯಾರೇಜಿಗೆ ಹೋದಾಗ ಮುಗಿದು ಹೊಳೆಯುವ ಕಾರು ತೋರಿಸುತ್ತಾರೆ. ಅರ್ಧ ಕೆಲಸವಾದದ್ದನ್ನು ತೋರಿಸಿ ಎಂದು ಕೇಳಿ. ಗಾಜು ತೆಗೆದಿದ್ದಾರೆಯೇ, ಇಲ್ಲ ರಬ್ಬರ್ ಬೀಡಿಂಗ್ ಮೇಲೆ ಟೇಪ್ ಸುತ್ತಿ ಹೊಡೆಯುತ್ತಿದ್ದಾರೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಹಣವನ್ನು ನಾಲ್ಕು ಕಂತು ಮಾಡಿ: ಬಿಚ್ಚಿದ ಮೇಲೆ ಒಂದು, ತಗಡಿನ ಕೆಲಸ ಮುಗಿದ ಮೇಲೆ ಒಂದು, ಸರ್ಫೇಸರ್ (ಬಣ್ಣಕ್ಕೆ ಮುಂಚೆ ಹೊಡೆದು ತಿಕ್ಕಿ ನುಣುಪು ಮಾಡುವ ದಪ್ಪ ಪ್ರೈಮರ್) ಆದ ಮೇಲೆ ಒಂದು, ಗಾಡಿ ಕೈಗೆ ಬಂದ ಮೇಲೆ ಕೊನೆಯದು. ತುಕ್ಕು ಎಷ್ಟಿದೆ ಎಂಬುದು ಬಿಚ್ಚುವವರೆಗೆ ಯಾರಿಗೂ ಗೊತ್ತಾಗದು. ಆದ್ದರಿಂದ ತಗಡಿನ ಕೆಲಸದ ದರವನ್ನು ಮೊದಲೇ ಗುತ್ತಿಗೆ ಮಾಡಿಕೊಂಡರೆ ನಷ್ಟ ಇಬ್ಬರಲ್ಲಿ ಒಬ್ಬರಿಗೆ ಖಚಿತ, ಸಾಮಾನ್ಯವಾಗಿ ಗಾಡಿಗೆ.

ಬಿಚ್ಚುವ ಕೆಲಸ

ಬಂಪರ್, ದೀಪಗಳು, ಬಾಗಿಲ ಹಿಡಿಕೆ, ಕನ್ನಡಿ, ಮುಂದಿನ ಹಿಂದಿನ ಗಾಜು, ಬೀಡಿಂಗ್, ಸೀಟು, ಕಾರ್ಪೆಟ್, ಬಾಗಿಲ ಒಳಪಟ್ಟಿ ಎಲ್ಲವೂ ಹೊರಬರಬೇಕು. ಬಿಚ್ಚುವ ಮುನ್ನ ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಒಂದೊಂದು ಭಾಗದ ಸ್ಕ್ರೂ, ಕ್ಲಿಪ್‌ಗಳನ್ನು ಒಂದೊಂದು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ನಾನು ಆ ಚೀಲಗಳನ್ನೆಲ್ಲ ಮನೆಗೆ ತಂದು ಇಟ್ಟುಕೊಂಡಿದ್ದೆ. ಉತ್ಪಾದನೆ ನಿಂತ ಗಾಡಿಗಳ ಪ್ಲಾಸ್ಟಿಕ್ ಕ್ಲಿಪ್, ಗಾಜಿನ ರಬ್ಬರ್ ಸಿಗುವುದು ಕಷ್ಟ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದ ಮೇಲೆ ನನಗೆ ನಾಲ್ಕು ಬಾಗಿಲಿನ ಬೀಡಿಂಗ್‌ನಲ್ಲಿ ಮೂರು ಸಿಕ್ಕವು. ನಾಲ್ಕನೆಯದನ್ನು ಬಿಸಿನೀರಿನಲ್ಲಿ ತೊಳೆದು ಹಳೆಯದನ್ನೇ ಹಾಕಿದೆ. ಹೊಸ ರಬ್ಬರ್ ಕೈಗೆ ಬಂದ ಮೇಲೆಯೇ ಹಳೆಯದನ್ನು ಕತ್ತರಿಸಲು ಬಿಡಿ.

ಹಳೆಯ ಬಣ್ಣ ತೆಗೆಯುವುದು

ಇಲ್ಲಿ ಬಹಳ ಜನ ಅತಿಯಾಸೆಯಿಂದ ತಪ್ಪು ಮಾಡುತ್ತಾರೆ. ಇಡೀ ಗಾಡಿಯನ್ನು ತಗಡಿಗೆ ಇಳಿಸಿದರೆ ಮಾತ್ರ ಶುದ್ಧ ಕೆಲಸ ಎಂಬ ನಂಬಿಕೆ ಸರಿಯಲ್ಲ. ಕಾರ್ಖಾನೆಯಲ್ಲಿ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಮೊದಲ ಪ್ರೈಮರ್ ಹಿಡಿಸಿರುತ್ತಾರೆ. ಅದು ಸಂದುಗೊಂದುಗಳೊಳಗೂ ಹೋಗಿ ಕೂತಿರುತ್ತದೆ. ಯಾವ ಗ್ಯಾರೇಜಿಗೂ ಅದನ್ನು ಮತ್ತೆ ಹಾಕಲು ಬರುವುದಿಲ್ಲ. ಹಾಗಾಗಿ ಕಾರ್ಖಾನೆಯ ಪದರ ಗಟ್ಟಿಯಾಗಿದ್ದ ಕಡೆ ಅದರವರೆಗೆ ಮಾತ್ರ ತಿಕ್ಕಿಸಿ, ಅಲ್ಲಿಗೇ ನಿಲ್ಲಿಸಿ. ಬಿರುಕು, ಗುಳ್ಳೆ, ತುಕ್ಕು, ಹಳೆಯ ಪುಟ್ಟಿ ಇರುವ ಕಡೆ ಪೂರ್ತಿ ತಗಡಿಗೆ ಇಳಿಸಿ.

ಎಲ್ಲಿ ಏನಿದೆ ಎಂದು ತಿಳಿಯಲು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇರುತ್ತದೆ. ಎರಡನೆಯ ಸಲ ಹೊಡೆದಿದ್ದರೆ ಇದರ ದುಪ್ಪಟ್ಟಿನ ಆಸುಪಾಸು. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ನನ್ನ ಎಡಗಡೆಯ ಹಿಂದಿನ ಫೆಂಡರ್ 2,300 ತೋರಿಸಿತು. ಮೀಟರ್ ಇಲ್ಲದಿದ್ದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ತೆಗೆದುಕೊಂಡು ಹೋಗಿ. ಪುಟ್ಟಿ ದಪ್ಪಗಿದ್ದ ಕಡೆ ಅದು ಹಿಡಿಯದೆ ಜಾರಿ ಬೀಳುತ್ತದೆ.

ಬಣ್ಣ ತೆಗೆಯಲು ಮೂರು ದಾರಿಗಳಿವೆ. ಬಣ್ಣ ಕಿತ್ತುಬರುವಂತೆ ಮಾಡುವ ರಿಮೂವರ್ ಬೇಗ ಕೆಲಸ ಮಾಡುತ್ತದೆ. ಆದರೆ ತಗಡು ತಗಡು ಕೂಡುವ ಸಂದಿಯಲ್ಲಿ ಒಂದು ಹನಿ ಉಳಿದರೂ ಆರು ತಿಂಗಳ ನಂತರ ಹೊಸ ಬಣ್ಣವನ್ನು ಎಬ್ಬಿಸುತ್ತದೆ. ಬಾನೆಟ್‌ನ ನಡುಭಾಗದಂಥ ಬಯಲಿನಲ್ಲಿ ಮಾತ್ರ ಅದನ್ನು ಬಳಸಲಿ. ಮರಳು ಹಾರಿಸಿ ಬಣ್ಣ ಕೀಳುವ ಬ್ಲಾಸ್ಟಿಂಗ್ ಬ್ಯಾಟರಿ ತಟ್ಟೆ, ಸಸ್ಪೆನ್ಷನ್ ಭಾಗಗಳಿಗೆ ಚೆನ್ನ. ಟಾಪ್, ಬಾನೆಟ್, ಬಾಗಿಲಿನ ತೆಳು ತಗಡಿಗೆ ಅದು ತಾಗಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದು ಕಷ್ಟ. ಉಳಿದದ್ದು ಗಾಳಿಯಿಂದ ತಿರುಗುವ ಸ್ಯಾಂಡರ್ ಮತ್ತು ಕೈ. ನಿಧಾನವಾದರೂ ನಾನು ಒಪ್ಪುವುದು ಇದನ್ನೇ.

ತಗಡಿನ ಮುಂದೆ ನಿಂತ ದಿನ

ಆ ದಿನ ಟಾರ್ಚ್ ಹಿಡಿದು ಹೋಗಿ. ನೋಡಬೇಕಾದ ಜಾಗಗಳು ಇವು: ಮುಂದಿನ ಗಾಜಿನ ರಬ್ಬರ್ ಕೂರುವ ಚೌಕಟ್ಟು, ಬ್ಯಾಟರಿಯ ತಟ್ಟೆ, ಚಕ್ರದ ಕಮಾನಿನ ಒಳಅಂಚು, ಬಾಗಿಲುಗಳ ತಳ, ಬಾಗಿಲಡಿಯ ಉದ್ದನೆಯ ಪಟ್ಟಿ, ಕಾರ್ಪೆಟ್ ಕೆಳಗಿನ ನೆಲ, ಡಿಕ್ಕಿಯ ಸ್ಟೆಪ್ನಿ ಗುಂಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ನನ್ನ ಗಾಡಿಯ ಮುಂಗಾಜಿನ ಕೆಳಗಿನ ಮೂಲೆಯಲ್ಲಿ ಹೊರಗಿಂದ ಒಂದು ಕಂದು ಗೆರೆ ಮಾತ್ರ ಕಾಣುತ್ತಿತ್ತು. ರಬ್ಬರ್ ಎತ್ತಿದಾಗ ಕಿರುಬೆರಳು ತೂರುವಷ್ಟು ತೂತು. ಪ್ರತಿ ಮಳೆಗಾಲದಲ್ಲೂ ಎಡಗಾಲಡಿಯ ಚಾಪೆ ಒದ್ದೆಯಾಗುತ್ತಿದ್ದದ್ದು ಏಕೆಂದು ಆಗ ತಿಳಿಯಿತು.

ತೂತು ಬಿದ್ದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸುಗೆ ಹಾಕಬೇಕು. ಫೈಬರ್ ಬಟ್ಟೆ ಅಂಟಿಸಿ ಪುಟ್ಟಿ ಮೆತ್ತುವುದು ಮೇಲೆ ಥಳುಕು ಒಳಗೆ ಹುಳುಕು. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಚುಕ್ಕಿ ಚುಕ್ಕಿಯಾಗಿ ಕಚ್ಚಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಬಹುದು. ಆದರೆ ಅದನ್ನು ತೊಳೆದು ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಬರಿ ತಗಡಿಗೆ ತುಕ್ಕು ತಡೆಯಲು ಹೊಡೆಯುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಕಚ್ಚುವುದಿಲ್ಲ. ಬರಿ ತಗಡನ್ನು ರಾತ್ರಿ ಹಾಗೆಯೇ ಬಿಡಬಾರದು, ಕೈಯ ಬೆವರು ತಾಗಿದ ಕಡೆಯೂ ತುಕ್ಕು ಮೂಡುತ್ತದೆ. ಅಂದೇ ಸಂಜೆಯೊಳಗೆ ಎರಡು ಕೋಟ್ ಎಪಾಕ್ಸಿ ಬೀಳಲಿ.

ಪುಟ್ಟಿ, ಸರ್ಫೇಸರ್, ಅಂಗೈ

ಪುಟ್ಟಿ ಶತ್ರುವಲ್ಲ. ಡೆಂಟರ್ ತಟ್ಟಿ ಸರಿಪಡಿಸಿದ ಮೇಲೆ ಉಳಿಯುವ ಸಣ್ಣ ಏರಿಳಿತಕ್ಕೆ, ಎಪಾಕ್ಸಿಯ ಮೇಲೆ, ಎರಡು ಮೂರು ಮಿಲಿಮೀಟರ್ ಮೀರದಂತೆ ಹಚ್ಚಿದರೆ ಸಾಕು. ಪುಟ್ಟಿಯನ್ನು ನೀರು ಹಾಕಿ ತಿಕ್ಕಿಸಬೇಡಿ, ಅದು ನೀರು ಹೀರಿಕೊಳ್ಳುತ್ತದೆ. ಒಣ ಪೇಪರನ್ನೇ ಮರದ ಹಲಗೆಗೆ ಸುತ್ತಿ ತಿಕ್ಕಬೇಕು, ಒರಟಾದ 80ರಿಂದ ನುಣುಪಾದ 180ಕ್ಕೆ.

ಈ ಹಂತದಲ್ಲಿ ಬಾಗಿಲು, ಬಾನೆಟ್, ಡಿಕ್ಕಿಯನ್ನು ಒಮ್ಮೆ ಜೋಡಿಸಿ ಸಂದು ಸಮವಾಗಿದೆಯೇ ಎಂದು ನೋಡುವುದನ್ನು ಮರೆಯಬೇಡಿ. ಬಣ್ಣವಾದ ಮೇಲೆ ಬಾಗಿಲು ಎಳೆದಾಡಿದರೆ ಅಂಚು ಹಾರುತ್ತದೆ.

ಸರ್ಫೇಸರ್ ಹೊಡೆದು ಒಣಗಿದ ಮೇಲೆ ಅದರ ಮೇಲೆ ತೆಳುವಾಗಿ ಕಪ್ಪು ಪುಡಿ ಸವರುತ್ತಾರೆ. ಹಲಗೆ ಹಿಡಿದು 320, 400ರ ಪೇಪರ್ ಆಡಿಸಿದಾಗ ಎತ್ತರದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನಮ್ಮ ಪೇಂಟರ್ ಕಾಕಾ ಇದನ್ನೂ ನೆಚ್ಚಿಕೊಳ್ಳಲಿಲ್ಲ. ತೆಳು ಹತ್ತಿಬಟ್ಟೆಯನ್ನು ಬಾಗಿಲ ಮೇಲೆ ಹಾಸಿ, ಅದರ ಮೇಲೆ ಅಂಗೈಯನ್ನು ಉದ್ದಕ್ಕೂ ಎಳೆದರು. ಮುಖ ಬೇರೆ ಕಡೆಗಿತ್ತು. ಒಂದು ಕಡೆ ಕೈ ನಿಂತಿತು. "ಇಲ್ಲಿ ಕೈ ಇಡು ತಮ್ಮಾ" ಎಂದರು. ನನಗೆ ಮೊದಲ ಸಲ ಏನೂ ತಿಳಿಯಲಿಲ್ಲ. ಮೂರನೆಯ ಸಲ ಅಂಗೈಯಡಿ ಒಂದು ಸಣ್ಣ ಅಲೆ ಹಾದು ಹೋಯಿತು. ಆ ಬಾಗಿಲಿಗೆ ಮತ್ತೆ ಎರಡು ದಿನ ಹಿಡಿಯಿತು, ಮತ್ತು ಆ ಎರಡು ದಿನಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಬಣ್ಣ, ಲ್ಯಾಕರ್

ಬಣ್ಣದ ಸಂಕೇತ ಗಾಡಿಯ ಮೇಲೆಯೇ ಇರುತ್ತದೆ. ಆದರೆ ಅದೇ ಸಂಕೇತದಿಂದ ಬೆರೆಸಿದ ಬಣ್ಣವೂ ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಒಂದು ಕಾರ್ಡಿಗೆ ಹೊಡೆಸಿ, ಮೇಲೆ ಲ್ಯಾಕರ್ (ಬಣ್ಣದ ಮೇಲಿನ ಪಾರದರ್ಶಕ ಹೊಳಪಿನ ಪದರ) ಹಾಕಿಸಿ, ಬಿಸಿಲು ಕಾಣದ ಜಾಗದ ಪಕ್ಕ ಹಿಡಿದು ನೋಡಿ; ಡಿಕ್ಕಿಯ ಕಾರ್ಪೆಟ್ ಕೆಳಗೆ ಮೂಲ ಬಣ್ಣ ಸಿಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಇಡೀ ಗಾಡಿಗೆ ಬೇಕಾದ ಬಣ್ಣವನ್ನು ಒಂದೇ ಸಲ ಬೆರೆಸಿಡಲಿ. ಮೆಟಾಲಿಕ್ ಬಣ್ಣವಾದರೆ ಬಿಡಿ ಬಾಗಿಲುಗಳನ್ನು ಗಾಡಿಯಲ್ಲಿ ನಿಂತಂತೆಯೇ ನಿಲ್ಲಿಸಿ ಹೊಡೆಯಬೇಕು. ಮಲಗಿಸಿ ಹೊಡೆದರೆ ಹೊಳಪಿನ ಪುಡಿ ಬೇರೆ ರೀತಿ ಕೂತು ಛಾಯೆ ಬೇರೆಯಾಗುತ್ತದೆ.

ಬೇರೆಯೇ ಬಣ್ಣ ಬೇಕೆನಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬದಲಿಸಿಕೊಳ್ಳಬೇಕಾಗುತ್ತದೆ. ನನ್ನ ಸಲಹೆ ಹುಟ್ಟು ಬಣ್ಣವೇ. 15 ವರ್ಷ ದಾಟಿದ ಗಾಡಿಗೆ ನೋಂದಣಿಯ ನವೀಕರಣ ಐದು ವರ್ಷಕ್ಕೊಮ್ಮೆ ಬರುತ್ತದೆ. ಅದು ಹತ್ತಿರವಿದ್ದರೆ ಅದಕ್ಕೆ ಮೊದಲೇ ಕೆಲಸ ಮುಗಿಸಿಕೊಳ್ಳಿ.

ಬೂತಿನೊಳಗಿನ ಕೆಲಸ ಬೇಗ ಮುಗಿಯುತ್ತದೆ. ಮೇಣ, ಎಣ್ಣೆ ಒರೆಸುವ ದ್ರಾವಣ, ಧೂಳು ಹಿಡಿಯುವ ಅಂಟುಬಟ್ಟೆ, ಎರಡು ಮೂರು ಕೋಟ್ ಬಣ್ಣ, ಪ್ರತಿ ಕೋಟಿನ ನಡುವೆ ಹತ್ತು ಹದಿನೈದು ನಿಮಿಷ ಬಿಡುವು, ಎರಡು ಕೋಟ್ ಲ್ಯಾಕರ್, 60 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ. ಹತ್ತಿರದಲ್ಲಿ ಯಾರೂ ಡ್ಯಾಶ್‌ಬೋರ್ಡ್ ಪಾಲಿಷ್ ಸಿಂಪಡಿಸದಂತೆ ನೋಡಿಕೊಳ್ಳಿ. ಅದರ ಸಿಲಿಕೋನ್ ಕಣ ಬಿದ್ದ ಕಡೆ ಬಣ್ಣ ಹಿಂದೆ ಸರಿದು ಕುಳಿ ಬೀಳುತ್ತದೆ.

ಇನ್ನೊಂದು ಮಾತನ್ನು ಬಿಗಿಯಾಗಿಯೇ ಹೇಳಬೇಕು. ಲ್ಯಾಕರಿಗೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಇರುತ್ತದೆ. ಅದನ್ನು ಉಸಿರಾಡಿದವರಿಗೆ ಜೀವಮಾನದ ಉಬ್ಬಸ ಬರಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗಿನಿಂದ ಗಾಳಿ ಬರುವ ಮಾಸ್ಕ್ ಇಲ್ಲದ ಗ್ಯಾರೇಜಿಗೆ ಗಾಡಿ ಕೊಡಬೇಡಿ. ನಿಮ್ಮ ಕಾರು ಹೊಳೆಯಲು ಊರು ಬಿಟ್ಟು ಬಂದ ಹುಡುಗನ ಶ್ವಾಸಕೋಶ ಹಾಳಾಗಬಾರದು.

ಗಾಡಿ ಬಂದ ಮೇಲೆ

ಮೊದಲ ಒಂದು ತಿಂಗಳು ಮೇಣ ಹಚ್ಚಬೇಡಿ, ಹೊದಿಕೆ ಹಾಕಬೇಡಿ. ಬರಿ ನೀರಿನಲ್ಲಿ ತೊಳೆಯಿರಿ. ಹಕ್ಕಿಯ ಹಿಕ್ಕೆ ಬಿದ್ದರೆ ಆಗಲೇ ಒರೆಸಿ.

ಗ್ಯಾರೇಜಿನಿಂದ ಹೊರಡುವ ಮುಂಚೆ ಬಾಗಿಲು ಮತ್ತು ತಳಪಟ್ಟಿಗಳ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿದ್ದಾರೆಯೇ ಎಂದು ಕೇಳಿ. ಪ್ರತಿ ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಬಣ್ಣ, ಸೀಲರ್ ಅವುಗಳನ್ನು ಮುಚ್ಚಿಬಿಡುತ್ತವೆ. ಒಂದು ಲೋಟ ನೀರನ್ನು ಕಿಟಕಿಯ ಗಾಜಿನ ಹೊರಬದಿಯಿಂದ ಬಾಗಿಲೊಳಗೆ ಇಳಿಯುವಂತೆ ಸುರಿದು, ಕುಕ್ಕರುಗಾಲಿನಲ್ಲಿ ಕೂತು ತಳ ನೋಡಿ. ನಾಲ್ಕೂ ಬಾಗಿಲಿನಿಂದ ನೀರು ಹೊರಗೆ ಬಿದ್ದ ಮೇಲೆಯೇ ಕೊನೆಯ ಕಂತು ಕೊಡಿ.