ಕ್ಷಮಿಸುವ ಮುನ್ನ ಲೆಕ್ಕ ಬರೆಯಿರಿ

ಪ್ರಾರ್ಥನಾ ಕೂಟದಲ್ಲಿ ನೊಂದವರೊಬ್ಬರು ತಮ್ಮ ಕಥೆಯನ್ನು ಅರ್ಧ ಹೇಳುವಷ್ಟರಲ್ಲಿಯೇ ‘ಕ್ಷಮಿಸಿಬಿಡಿ, ಎಲ್ಲವನ್ನೂ ಕರ್ತನ ಪಾದಕ್ಕೆ ಒಪ್ಪಿಸಿಬಿಡಿ’ ಎಂದು ಯಾರಾದರೂ ಮಾತು ಮುಗಿಸುವುದು ಅಪರೂಪವೇನಲ್ಲ. ಸಲಹೆ ಒಳ್ಳೆಯದೇ, ಹೇಳಿದ ಹೊತ್ತು ಸರಿಯಿಲ್ಲ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿರುವ ಕರ್ತನ ಪ್ರಾರ್ಥನೆಯಲ್ಲಿ ನಾವು ‘ತಪ್ಪುಗಳು’ ಎನ್ನುವ ಕಡೆ ಗ್ರೀಕ್ ಮೂಲದಲ್ಲಿರುವುದು ‘ಸಾಲಗಳು’ ಎಂಬ ಪದ; ಕ್ಷಮಿಸುವುದಕ್ಕೆ ಅಲ್ಲಿ ಬಳಸಿರುವ ಕ್ರಿಯಾಪದಕ್ಕೆ ‘ಬಿಟ್ಟುಬಿಡು’ ಎಂಬ ಅರ್ಥವೂ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಸಾಲ ಮನ್ನಾ. ಸಾಲವೆಷ್ಟೆಂದು ತಿಳಿಯದೆ ಯಾರೂ ಮನ್ನಾ ಮಾಡಲಾರರು. ಅದೇ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯಕಥೆಯಲ್ಲಿಯೂ ಅರಸನು ಮೊದಲು ಲೆಕ್ಕ ತೆಗೆಸುತ್ತಾನೆ. ಸೇವಕನ ಸಾಲ ಹತ್ತು ಸಾವಿರ ತಲಾಂತು (ತಲಾಂತು ಎಂದರೆ ಆ ಕಾಲದ ಹಣದ ದೊಡ್ಡ ಅಳತೆ) ಎಂಬ ಮೊತ್ತ ಹೊರಬಿದ್ದ ಮೇಲೆಯೇ ಅದನ್ನು ಬಿಟ್ಟುಬಿಡುತ್ತಾನೆ.

ಆದ್ದರಿಂದ ಮೊದಲ ಕೆಲಸ ಬರೆಯುವುದು. ಯಾರೂ ಕರೆಯದ ಅರ್ಧ ಗಂಟೆಯನ್ನು ಆರಿಸಿಕೊಂಡು, ಒಂದು ಹಾಳೆಯಲ್ಲಿ ನಡೆದದ್ದೇನು, ಅದರಿಂದ ನಾನು ಕಳೆದುಕೊಂಡದ್ದೇನು, ಅವರು ನನಗೆ ಕೊಡಬೇಕಾಗಿದ್ದೇನು ಎಂಬ ಮೂರನ್ನೂ ಬರೆಯಿರಿ. ‘ಅವನು ಕೆಟ್ಟವನು’ ಎಂದು ಬರೆದರೆ ಅದು ಬೈಗುಳವಾಯಿತು, ಲೆಕ್ಕವಾಗಲಿಲ್ಲ. ‘ಅಣ್ಣನು ಅಪ್ಪನ ಆಸ್ತಿಯ ಪತ್ರಕ್ಕೆ ನನ್ನಿಂದ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡನು, ಮನೆ ಹೋಯಿತು, ಅದಕ್ಕಿಂತ ಹೆಚ್ಚಾಗಿ ಅಣ್ಣನೆಂಬವನೇ ಹೋದನು’ ಎಂಬುದು ಲೆಕ್ಕ. ‘ಅಷ್ಟೇನೂ ದೊಡ್ಡ ವಿಷಯವಲ್ಲ’ ಎಂಬ ಸಾಲು ಹಾಳೆಯ ಮೇಲೆ ಬಂದರೆ ಅದನ್ನು ಹೊಡೆದುಹಾಕಿ. ಬರೆಯುವಾಗ ಮೈ ನಡುಗಿದರೆ, ಆ ಘಟನೆ ಈಗಲೇ ನಡೆಯುತ್ತಿದೆ ಎನಿಸಿದರೆ, ಅಲ್ಲಿಗೇ ನಿಲ್ಲಿಸಿ. ಅಂಥ ನೆನಪುಗಳನ್ನು ಒಬ್ಬರೇ ತೆರೆಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಆಪ್ತಸಮಾಲೋಚಕರೊಡನೆ ಉಚಿತವಾಗಿ ಮಾತನಾಡಬಹುದು. ಮನೋವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯ ಗುರುತೆಂದು ಹೇಳುವವರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವುದನ್ನು ಮಾತ್ರ ಹಾಗೆನ್ನುವುದಿಲ್ಲ.

ಎರಡನೆಯದು, ಆ ಹಾಳೆಯನ್ನೇ ದೇವರ ಮುಂದೆ ದೂರಿನ ರೂಪದಲ್ಲಿ ಓದುವುದು. ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ ಆರೇ ವಚನಗಳ 13ನೆಯ ಕೀರ್ತನೆಯು ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಬಾರಿ ಕೇಳಿ, ಬಳಿಕ ಬೇಡಿಕೊಂಡು, ಕೊನೆಯಲ್ಲಿ ಮಾತ್ರ ಭರವಸೆಯ ಮಾತಿಗೆ ಬರುತ್ತದೆ. ನಂಬಿದವರಿಂದಲೇ ಮೋಸವಾಗಿದ್ದರೆ 55ನೆಯ ಕೀರ್ತನೆಯನ್ನು ಓದಿ. ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಜೊತೆಯಲ್ಲಿ ದೇವಾಲಯಕ್ಕೆ ನಡೆದ ಗೆಳೆಯನಲ್ಲವೇ ಎಂಬ ಸಂಕಟ ಅದರಲ್ಲಿದೆ. ಭರವಸೆಯ ಒಂದು ಮಾತೂ ಬಾಯಿಗೆ ಬಾರದ ದಿನಗಳಿಗೆ 88ನೆಯದು ಇದೆ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದನ್ನು ಪ್ರಾರ್ಥನೆಯೆಂದೇ ಉಳಿಸಿಕೊಳ್ಳಲಾಗಿದೆ. ಈ ಹಂತದಲ್ಲಿ ವಾರಗಟ್ಟಲೆ ಇದ್ದರೂ ತಪ್ಪಿಲ್ಲ.

ಮನ್ನಾ ಮಾಡುವುದು ಇದಾದ ಮೇಲೆ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ‘ಕರ್ತನೇ, ಇದನ್ನು ನಾನೇ ವಸೂಲಿ ಮಾಡುವ ಹಕ್ಕನ್ನು ನಿನ್ನ ಕೈಗೆ ಬಿಡುತ್ತೇನೆ’ ಎಂದು ಹೇಳಿ. ಎಲ್ಲ ಸಾಲುಗಳನ್ನೂ ಒಂದೇ ದಿನ ಬಿಡಲಾಗದಿದ್ದರೆ ಬಿಡಲಾಗುವುದನ್ನಷ್ಟೇ ಬಿಡಿ. ಮನಸ್ಸು ಮೃದುವಾಗಲೆಂದು ಕಾಯಬೇಕಾಗಿಲ್ಲ. ಕೋರಿ ಟೆನ್ ಬೂಮ್ ಎಂಬ ಡಚ್ ಮಹಿಳೆ 1947ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಉಪನ್ಯಾಸ ಮುಗಿಸಿದಾಗ, ಅವರ ಅಕ್ಕ ಬೆಟ್ಸಿ ಪ್ರಾಣಬಿಟ್ಟ ನಾತ್ಸಿಗಳ ರಾವೆನ್ಸ್‌ಬ್ರೂಕ್ ಸೆರೆ ಶಿಬಿರದ ಕಾವಲುಗಾರನೊಬ್ಬನು ಬಂದು ಕ್ಷಮೆ ಕೇಳಿ ಕೈ ಚಾಚಿದನು. ಅವರಲ್ಲಿ ಪ್ರೀತಿಯ ಲವಲೇಶವೂ ಇರಲಿಲ್ಲ. ಕೈಯನ್ನಷ್ಟೇ ಎತ್ತಬಲ್ಲೆ, ಭಾವವನ್ನು ನೀನು ಕೊಡು ಎಂದು ಒಳಗೇ ಬೇಡಿಕೊಂಡು ಯಂತ್ರದಂತೆ ಕೈ ಕೊಟ್ಟರು, ಭಾವವು ಹಿಂದಿನಿಂದ ಬಂತು. ಬಿಟ್ಟ ಸಾಲು ಮರುವಾರ ಮತ್ತೆ ಚುಚ್ಚಿದರೆ ಮೊದಲ ಕ್ಷಮೆ ಸುಳ್ಳಾಗಿತ್ತೆಂದು ತಿಳಿಯದೆ ಮತ್ತೆ ಬಿಡಿ. ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಹೇಳಿದ ಏಳೆಪ್ಪತ್ತು ಸಲವನ್ನು ಬೇರೆ ಬೇರೆ ತಪ್ಪುಗಳಿಗಿಂತ ಹೆಚ್ಚಾಗಿ ಒಂದೇ ತಪ್ಪಿನ ನೆನಪಿಗೆ ಖರ್ಚು ಮಾಡಬೇಕಾಗುತ್ತದೆಂದು ನನಗನಿಸುತ್ತದೆ.

ಕ್ಷಮಿಸಿದ್ದೇವೆಂದ ಮಾತ್ರಕ್ಕೆ ಹಳೆಯ ಸಂಬಂಧಕ್ಕೆ ಮರಳಲೇಬೇಕೆಂದಿಲ್ಲ. ಬೈಬಲ್ಲಿನ ಯೋಸೇಫನು ತನ್ನನ್ನು ಮಾರಿಬಿಟ್ಟಿದ್ದ ಅಣ್ಣಂದಿರನ್ನು ಕಂಡು ಮರೆಯಲ್ಲಿ ಅತ್ತನಾದರೂ, ಅವರು ಬದಲಾಗಿದ್ದಾರೆಂದು ಪರೀಕ್ಷಿಸಿ ತಿಳಿಯುವವರೆಗೆ ತಾನು ಯಾರೆಂದು ಹೇಳಲಿಲ್ಲ. ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಪತಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲಿಯೇ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಬಹಿರಂಗವಾಗಿ ಕ್ಷಮಿಸಿದರು. ಮೊಕದ್ದಮೆ ತನ್ನ ದಾರಿಯಲ್ಲಿ ನಡೆದು ಶಿಕ್ಷೆಯೂ ಆಯಿತು. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಕ್ಷಮೆಯ ಹೆಸರಿನಲ್ಲಿ ವಾಪಸ್ಸು ಹೋಗೆನ್ನುವ ಹಕ್ಕು ಪಾಸ್ಟರಿಗಾಗಲಿ ಫಾದರಿಗಾಗಲಿ ಇಲ್ಲ. ಆಕೆ ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಲಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲಿ.

ಇನ್ನು ಆ ಹಾಳೆಯ ವಿಷಯ. ಕೆಲವರು ಅದನ್ನು ಶಿಲುಬೆಯ ಮುಂದಿಟ್ಟು ಸುಡುತ್ತಾರೆ, ಶುಭ ಶುಕ್ರವಾರದಂದು ಹಾಗೆ ಮಾಡುವವರೂ ಇದ್ದಾರೆ. ಮನಸ್ಸಿಗೆ ಒಪ್ಪಿದರೆ ನೀವೂ ಮಾಡಿ. ಆದರೆ ಪೊಲೀಸ್ ದೂರು ಅಥವಾ ನ್ಯಾಯಾಲಯದ ವ್ಯವಹಾರ ಬಾಕಿ ಇದ್ದಲ್ಲಿ, ದಿನಾಂಕಗಳಿರುವ ಆ ಬರಹವನ್ನು ಸುಡುವ ಮುನ್ನ ವಕೀಲರಿಗೆ ಒಮ್ಮೆ ತೋರಿಸಿ.