ಬಿಯರ್ ಮಾಡುವ ಮುನ್ನ ಒಂದು ದಿನ ಬರೀ ನೀರು

ರಾತ್ರಿ ಬಕೆಟ್ಟಿಗೆ ಮುಚ್ಚಳ ಹಾಕಿ ನೆಮ್ಮದಿಯಾಗಿ ಮಲಗಿದ ಗೆಳೆಯ ಬೆಳಿಗ್ಗೆ ನೆಲಮಾಳಿಗೆಗೆ ಇಳಿದರೆ ಕಾಲಿಗೆ ಅಂಟಂಟು ತಗುಲಿತು. ಬಿಯರ್ ಆಗಬೇಕಿದ್ದ 19 ಲೀಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಷಾಯದಲ್ಲಿ ಅರ್ಧಕ್ಕರ್ಧವನ್ನು ಕಾರ್ಪೆಟ್ ಕುಡಿದಿತ್ತು. ನಲ್ಲಿಯ ಬುಡದಲ್ಲಿ ರಬ್ಬರ್ ವಾಷರ್ ಒಂದು ಬದಿಗೆ ಮಡಚಿಕೊಂಡು ಕೂತಿತ್ತು, ಅಷ್ಟೇ ಆಗಿದ್ದು. ಇಲ್ಲಿ ಮಿಷಿಗನ್‌ನಲ್ಲಿ ಮನೆಬಿಯರ್ ಹಚ್ಚಿಕೊಂಡ ಎಷ್ಟೋ ಜನರ ಮೊದಲ ಪ್ರಯತ್ನ ಹೀಗೆ ಕೆಟ್ಟಿದ್ದನ್ನು ನೋಡಿದ್ದೇನೆ. ಅವರಲ್ಲಿ ಮಾಲ್ಟಿನಿಂದಲೋ ಯೀಸ್ಟಿನಿಂದಲೋ ಸೋತವರು ಕಡಿಮೆ, ನಲ್ಲಿ, ಮುಚ್ಚಳ, ಪೈಪುಗಳಿಂದ ಸೋತವರೇ ಹೆಚ್ಚು. ಆದ್ದರಿಂದ ಈ ಲೇಖನದಲ್ಲಿ ಬಿಯರಿನ ಪಾಕವಿಧಾನ ಇಲ್ಲ. ಸಲಕರಣೆ ಜೋಡಿಸಿ, ಒಂದಿಡೀ ದಿನ ಬರೀ ನೀರಿನಲ್ಲಿ ಪರೀಕ್ಷಿಸುವುದು ಹೇಗೆ ಎಂಬುದಷ್ಟೇ ಇದೆ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಒಕ್ಕೂಟದ ಮಟ್ಟದಲ್ಲಿ ಅವಕಾಶ ಸಿಕ್ಕಿದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಊರಿನಲ್ಲಿ ಕುಳಿತು ಇದನ್ನು ಓದುತ್ತಿರುವವರು ದಯವಿಟ್ಟು ಗಮನಿಸಿ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಲ್ಲಿ ಇದನ್ನು ಮಾಡಲು ಹೋಗಬೇಡಿ.

1. ಕೊಳ್ಳುವುದು

ಐದು ಗ್ಯಾಲನ್, ಅಂದರೆ 19 ಲೀಟರ್ ಬಿಯರಿಗೆ ಆರೂವರೆ ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ಗಾಜಿನ ದೊಡ್ಡ ಬುರುಡೆ ಬೇಡವೇ ಬೇಡ. ನೋಡಲು ಚೆಂದ, ನಿಜ. ಆದರೆ ಒದ್ದೆ ಕೈಯಲ್ಲಿ, ತುಂಬಿದಾಗ ಇಪ್ಪತ್ತು ಕಿಲೋ ಮೀರುವ ಗಾಜು ಎತ್ತುವುದು ಕೈ ಕುಯ್ದುಕೊಳ್ಳುವ ದಾರಿ.

2. ಬಕೆಟ್ಟಿಗೆ ನಲ್ಲಿ ಕೂರಿಸುವುದು

ಇಲ್ಲಿ ಅವಸರ ಮಾಡಬೇಡಿ. ರಂಧ್ರವನ್ನು ಬೆರಳಿನಿಂದ ಒಳಗೂ ಹೊರಗೂ ಸವರಿ. ಡ್ರಿಲ್ ಬಿಟ್ಟುಹೋದ ಪ್ಲಾಸ್ಟಿಕ್ ಚೂರು ಉಗುರಿಗೆ ಸಿಕ್ಕಿದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಕೂದಲೆಳೆಯಷ್ಟು ಚೂರು ಸಾಕು, ವಾಷರ್ ಅದರ ಮೇಲೆ ಏರಿ ಕೂತು ದಾರಿ ಬಿಡುತ್ತದೆ.

ನಲ್ಲಿಯ ಜೊತೆ ಎರಡು ವಾಷರ್ ಬರುತ್ತವೆ. ಒಂದು ಹೊರಗೆ, ನಲ್ಲಿಗೂ ಬಕೆಟ್ಟಿಗೂ ನಡುವೆ. ಇನ್ನೊಂದು ಒಳಗೆ, ಬಕೆಟ್ಟಿಗೂ ನಟ್ಟಿಗೂ ನಡುವೆ. ಎರಡನ್ನೂ ಒಳಗೇ ಹಾಕಿದವರನ್ನು ಕಂಡಿದ್ದೇನೆ. ಬಕೆಟ್ಟಿನ ಗೋಡೆ ಬಾಗಿರುತ್ತದೆ, ವಾಷರ್ ಚಪ್ಪಟೆಯಾಗಿರುತ್ತದೆ, ಹಾಗಾಗಿ ಅದು ಗೋಡೆಗೆ ಒಗ್ಗುವಷ್ಟು ಮೆತ್ತಗಿರಬೇಕು. ಅಗ್ಗದ ಕಿಟ್ಟುಗಳಲ್ಲಿ ಬರುವ ಗಟ್ಟಿ ವಾಷರನ್ನು ಎಸೆದು ಸಿಲಿಕೋನಿನ ಎರಡು ವಾಷರ್ ಪ್ರತ್ಯೇಕವಾಗಿ ಕೊಳ್ಳಿ.

ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಮುಟ್ಟಬೇಡಿ. ಸೋರಿದ ಕೂಡಲೇ ಇನ್ನಷ್ಟು ಬಿಗಿ ಮಾಡಬೇಕು ಎನ್ನಿಸುತ್ತದೆ, ಅದೇ ತಪ್ಪು. ಅತಿಯಾಗಿ ಬಿಗಿದಾಗ ವಾಷರ್ ಒಂದು ಮಗ್ಗುಲಿಗೆ ಜಾರಿ ಹೊರಗೆ ತುಟಿ ಚಾಚುತ್ತದೆ. ಹಾಗೆ ಕಂಡರೆ ಪೂರ್ತಿ ಸಡಿಲಿಸಿ, ವಾಷರ್ ನೆಟ್ಟಗೆ ಕೂರಿಸಿ, ಮತ್ತೆ ಶುರು ಮಾಡಿ. ನಟ್ಟು ತಿರುಗಿಸುವಾಗ ನಲ್ಲಿಯೂ ಜೊತೆಯಲ್ಲೇ ತಿರುಗದಂತೆ ಇನ್ನೊಂದು ಕೈಯಿಂದ ಹಿಡಿದಿರಬೇಕು. ಟೆಫ್ಲಾನ್ ಟೇಪ್ ಇಲ್ಲಿ ಸುತ್ತಬೇಡಿ. ನೀರು ತಡೆಯುವುದು ವಾಷರ್, ಮರೆ (ತಿರುಗಿಸಿ ಕೂರಿಸುವ ಸುರುಳಿ ಎಳೆ) ಅಲ್ಲ. ಟೇಪ್ ಸುತ್ತಿದರೆ ನಟ್ಟು ಸರಿಯಾಗಿ ಒಳಸರಿಯದೆ ವಾಷರ್ ಅಮುಕುವುದೇ ಇಲ್ಲ.

3. ಕುದಿಸುವ ಪಾತ್ರೆಯ ವಾಲ್ವ್

ಮೊದಲ ಸಲಕ್ಕೆ ವಾಲ್ವ್ ಇಲ್ಲದ ಪಾತ್ರೆಯೇ ಸಾಕು, ಸೈಫನ್ ಕೊಳವೆಯಿಂದ ಇಳಿಸಬಹುದು. ಬೇಕೇ ಬೇಕೆನ್ನುವವರು ಒಂದು ಸಂಗತಿ ತಿಳಿದಿರಬೇಕು. ಒಮ್ಮೆ ಬೆಂಗಳೂರಿನಿಂದ ಅರ್ಧ ಇಂಚಿನ ಸ್ಟೀಲ್ ವಾಲ್ವ್ ತಂದೆ. ಅರ್ಧ ಇಂಚು ಎಲ್ಲಿಯಾದರೂ ಅರ್ಧ ಇಂಚೇ ಎಂದು ನಂಬಿದ್ದೆ. ಇಲ್ಲಿನ ಪೈಪಿಗೆ ಮೂರು ಸುತ್ತು ಸಲೀಸಾಗಿ ಹತ್ತಿತು, ನಾಲ್ಕನೆಯದಕ್ಕೆ ಬಿಗಿಯಾಯಿತು. ಸರಿಯಾಗಿಯೇ ಕೂತಿದೆ ಅಂದುಕೊಂಡೆ. ನೀರು ಕುದಿಯತೊಡಗಿದಾಗ ಕೊರಳಿನಿಂದ ಹನಿ ಒಸರಿ, ಒಲೆಯ ಮೇಲೆ ಚುಂಯ್ ಎಂದಿತು. ಭಾರತದಲ್ಲಿ ನಲ್ಲಿಗಳಿಗೆ ಬಳಸುವುದು ಬ್ರಿಟಿಷ್ ಮರೆ, ಅಮೆರಿಕದಲ್ಲಿ ಎನ್‌ಪಿಟಿ ಎಂಬ ಇಲ್ಲಿನದೇ ಮರೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆಗಳೇ, ಅದಕ್ಕೇ ಹತ್ತಿದಂತೆ ಕಾಣುತ್ತದೆ. ಆದರೆ ಎಳೆಯ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎಷ್ಟು ಟೇಪ್ ಸುತ್ತಿದರೂ ಈ ಜೋಡಿ ನೆಚ್ಚಿಕೊಳ್ಳುವಂಥದ್ದಲ್ಲ. ಎಲ್ಲವನ್ನೂ ಒಂದೇ ಬಗೆಯ ಮರೆಯಲ್ಲಿ ಕೊಳ್ಳಿ.

ಒಂದೇ ಬಗೆಯ ಮೊನಚು ಮರೆಗಳಾದರೆ, ಅಂದರೆ ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವಂಥವಾದರೆ, ಟೇಪ್ ಬೇಕು. ಮರೆಯ ತುದಿಯನ್ನು ನಿಮ್ಮ ಕಡೆಗೆ ಹಿಡಿದು ಗಡಿಯಾರದ ದಿಕ್ಕಿನಲ್ಲಿ ಮೂರು ನಾಲ್ಕು ಸುತ್ತು ಹಾಕಿ. ಮೊದಲ ಎಳೆಯನ್ನು ಬರಿದಾಗಿ ಬಿಡಿ, ಇಲ್ಲವಾದರೆ ಟೇಪಿನ ಚೂರು ಬಿಯರಿಗೆ ಇಳಿಯುತ್ತದೆ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಬರುತ್ತದೆ.

4. ರಾತ್ರಿಯಿಡೀ ನೀರು

ಬಕೆಟ್ಟಿನ ಗೋಡೆಯ ಮೇಲೆ ಅಚ್ಚಾಗಿರುವ ಗೆರೆಗಳನ್ನು ನಂಬಬೇಡಿ. ಅಳತೆಯ ಜಗ್ಗಿನಲ್ಲಿ ಲೀಟರ್ ಲೀಟರಾಗಿ 19 ಲೀಟರ್ ಹೊಯ್ದು ನಿಮ್ಮದೇ ಗೆರೆ ಎಳೆಯಿರಿ. ಹೊರಗಡೆ ಬಟ್ಟೆಯಿಂದ ಒಣಗಿಸಿ, ಬಕೆಟ್ಟನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲಿಟ್ಟು ಮಲಗಿ. ಕಣ್ಣಿಗೂ ಬೆರಳಿಗೂ ಸಿಗದ ಸೋರಿಕೆಯನ್ನು ಪತ್ರಿಕೆಯ ಕಾಗದ ಹಿಡಿಯುತ್ತದೆ. ಬೆಳಿಗ್ಗೆ ನಲ್ಲಿಯ ನೇರ ಕೆಳಗೆ ನಾಣ್ಯದಗಲದ ಕಪ್ಪು ಮಚ್ಚೆ ಬಿದ್ದಿದ್ದರೂ ಮತ್ತೆ ಎರಡನೆಯ ಹೆಜ್ಜೆಗೆ ಹೋಗಬೇಕು. ವಾಲ್ವ್ ಇರುವ ಪಾತ್ರೆಗೆ ತಣ್ಣೀರಿನ ಪರೀಕ್ಷೆ ಸಾಲದು. ಒಂದು ಗಂಟೆ ಕುದಿಸಿಯೇ ನೋಡಬೇಕು.

5. ಮುಚ್ಚಳ, ಏರ್‌ಲಾಕ್

ಏರ್‌ಲಾಕ್ ಎಂದರೆ ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಸಣ್ಣ ಕೊಳವೆ. ಮುಚ್ಚಳದ ತೂತಿನಲ್ಲಿರುವ ರಬ್ಬರ್ ಬಳೆಗೆ ಏರ್‌ಲಾಕಿನ ಕಾಲನ್ನು ಒಣಗಿದ್ದಾಗ ಒತ್ತಿದರೆ ಬಳೆ ಕಳಚಿ ಬಕೆಟ್ಟಿನೊಳಗೆ ಬೀಳುತ್ತದೆ. ಬಿಯರ್ ತುಂಬಿದ ಮೇಲೆ ಹೀಗಾದರೆ ಮೊಣಕೈವರೆಗೆ ಕೈ ಅದ್ದಬೇಕು, ಅಲ್ಲಿಗೆ ಶುಚಿತ್ವ ಹೋಯಿತು. ಮುಚ್ಚಳ ಕೈಯಲ್ಲಿರುವಾಗಲೇ, ಬಳೆಯನ್ನು ಕೆಳಗಿನಿಂದ ಹಿಡಿದು, ಕಾಲನ್ನು ಒದ್ದೆ ಮಾಡಿ ತಿರುಗಿಸುತ್ತಾ ಒಳಗೆ ಕಳಿಸಿ.

ಈಗ ಮುಚ್ಚಳವನ್ನು ಸುತ್ತಲೂ ಅಂಗೈಯಿಂದ ಬಡಿದು ಕೂರಿಸಿ, ನಡುವೆ ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕಿನ ನೀರು ಒಂದು ಕಡೆಗೆ ಏರಿ ಅಲ್ಲೇ ನಿಂತರೆ ಗಾಳಿ ಹೋಗುತ್ತಿಲ್ಲ. ಮೆಲ್ಲನೆ ಇಳಿದು ಸಮವಾದರೆ ಅಂಚಿನಲ್ಲಿ ಎಲ್ಲೋ ಬಿಟ್ಟಿದೆ. ಹೀಗೆ ಬಿಟ್ಟ ಮುಚ್ಚಳದಿಂದ ಬಿಯರ್ ಕೆಡುವುದು ಅಪರೂಪ. ಆದರೆ ಗುಳ್ಳೆ ಕಾಣದೆ ಕಂಗಾಲಾಗಿ, ಯೀಸ್ಟ್ ಸತ್ತಿದೆ ಎಂದು ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಇಣುಕುವವರ ಬಿಯರ್ ಖಂಡಿತ ಕೆಡುತ್ತದೆ. ಹುದುಗುತ್ತಿದೆಯೇ ಎಂಬುದನ್ನು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹೇಳಬೇಕು, ಗುಳ್ಳೆಯಲ್ಲ.

6. ತಣಿಸುವ ತಾಮ್ರದ ಸುರುಳಿ

ಕುದಿದ ಕಷಾಯವನ್ನು ತಣಿಸಲು ಈ ಸುರುಳಿಯನ್ನು ಅದರಲ್ಲಿ ಮುಳುಗಿಸಿ ಒಳಗೆ ತಣ್ಣೀರು ಹರಿಸುತ್ತೇವೆ. ಸುರುಳಿಯ ಎರಡೂ ತುದಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಲೋಹದ ಕ್ಲಾಂಪ್ ಹಾಕಿ. ಈ ಜೋಡಣೆ ಪಾತ್ರೆಯ ಬಾಯಿಯಿಂದ ಹೊರಗೆ ಬಾಗಿರಬೇಕು. ಇಲ್ಲವಾದರೆ ಸೋರಿದ ನಲ್ಲಿನೀರು ನೇರವಾಗಿ ಕಷಾಯಕ್ಕೇ ಬೀಳುತ್ತದೆ. ಮಿಷಿಗನ್‌ನ ಚಳಿಗಾಲದಲ್ಲಿ ಅಂಗಳದ ನಲ್ಲಿಯನ್ನು ಮುಚ್ಚಿರುತ್ತೇವೆ, ಆಗ ಅಡುಗೆಮನೆಯ ನಲ್ಲಿಯೇ ಗತಿ. ಅದು ಎಳೆದುಕೊಳ್ಳುವ ಷವರ್ ಬಗೆಯದಾದರೆ ಅಂಗಡಿಯ ಸಾಮಾನ್ಯ ಅಡಾಪ್ಟರ್ ಹತ್ತುವುದಿಲ್ಲ. ಪಾತ್ರೆ ಕುದಿಯುತ್ತಿರುವಾಗ ಇದನ್ನು ಕಂಡುಕೊಳ್ಳುವುದು ಬಹಳ ಸಂಕಟದ ಕೆಲಸ. ಹಿಂದಿನ ದಿನವೇ ಹತ್ತು ನಿಮಿಷ ನೀರು ಹರಿಸಿ ನೋಡಿ.

7. ಅಳತೆಯ ಸಾಧನಗಳು

ಥರ್ಮಾಮೀಟರ್ ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು, ಹೈಡ್ರೋಮೀಟರ್ ಶುದ್ಧ ನೀರಿನಲ್ಲಿ, ಅದರ ಮೇಲೆ ಬರೆದಿರುವ ಉಷ್ಣತೆಗೆ, 1.000. ಒಳಗಿನ ಕಾಗದ ಜಾರಿದ್ದರೆ ಅಂಕಿ ತಪ್ಪುತ್ತದೆ. ಹೈಡ್ರೋಮೀಟರ್ ಎರಡು ಕೊಳ್ಳಿ, ಒಂದು ಒಡೆಯುತ್ತದೆ.

8. ಶುಚಿ

ಪರೀಕ್ಷೆ ಮುಗಿದ ಮೇಲೆ ನಲ್ಲಿಯನ್ನು ಬಿಚ್ಚಿ ತೊಳೆಯಬೇಕು, ಅದರ ಬೆನ್ನ ಹಿಂದೆಯೇ ಕೊಳೆ ಕೂರುವುದು. ಮರುಜೋಡಿಸಿ ಸ್ವಲ್ಪ ನೀರಿನಲ್ಲಿ ಇನ್ನೊಮ್ಮೆ ನೋಡಿ. ಕಷಾಯ ಸುರಿಯುವ ಮುನ್ನ ಫಾಸ್ಫಾರಿಕ್ ಆಮ್ಲದ, ತೊಳೆಯುವ ಅಗತ್ಯವಿಲ್ಲದ ಸ್ಯಾನಿಟೈಸರನ್ನು ನಲ್ಲಿಯ ಮೂಲಕವೂ ಹರಿಸಿ. ಅದರ ನೊರೆ ಉಳಿದರೆ ತೊಂದರೆಯಿಲ್ಲ. ಕಾಸು ಉಳಿಸಲು ಬ್ಲೀಚ್ ಬಳಸುವವರಿದ್ದಾರೆ, ಸರಿಯಾಗಿ ತೊಳೆಯದಿದ್ದರೆ ಬಿಯರಿಗೆ ಔಷಧದ ರುಚಿ ಬರುತ್ತದೆ. ಬ್ಲೀಚಿಗೆ ಈ ಆಮ್ಲವನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

9. ಮೊದಲ ಮೂರು ದಿನ

ಬೇಸಿಗೆಯಲ್ಲಿ ದೋಸೆ ಹಿಟ್ಟು ಉಕ್ಕಿ ಕಟ್ಟೆಯ ಮೇಲೆ ಹರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೊರೆಯೂ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಚೂರೂ ಏರ್‌ಲಾಕಿನ ಸಣ್ಣ ಬಾಯಿಯನ್ನು ಕಟ್ಟಿದರೆ ಒಳಗಿನ ಅನಿಲ ಮುಚ್ಚಳವನ್ನೇ ಸಿಡಿಸಿ ಚಾವಣಿಗೆ ಕಂದು ಬಣ್ಣ ಬಳಿಯುತ್ತದೆ. ಮೊದಲಿಗೆ ಏರ್‌ಲಾಕ್ ಬದಲು, ತೂತಿಗೆ ಕೂರುವ ದಪ್ಪ ಕೊಳವೆ ಸಿಕ್ಕಿಸಿ. ಅದರ ಇನ್ನೊಂದು ತುದಿಯನ್ನು ನೆಲದ ಮೇಲಿಟ್ಟ ಸ್ಯಾನಿಟೈಸರ್ ಡಬ್ಬಿಯಲ್ಲಿ ಮುಳುಗಿಸಿಡಿ. ಡಬ್ಬಿ ಬಕೆಟ್ಟಿಗಿಂತ ಕೆಳಗಿರಲಿ, ಬಿಯರ್ ತಣ್ಣಗಾಗುವಾಗ ಅದರ ನೀರು ಹಿಂದಕ್ಕೆ ಎಳೆದುಕೊಳ್ಳದಂತೆ. ನೊರೆ ಇಳಿದ ಮೇಲೆ ಕೊಳವೆ ತೆಗೆದು ಏರ್‌ಲಾಕ್ ಹಾಕಿ. ಅದರ ಕಾಲನ್ನು ಒದ್ದೆ ಮಾಡಿಕೊಂಡೇ ಹಾಕಿ.